ಸಾಫ್ಟ್‌ವೇರ್ ಆಕ್ಟಿವೇಶನ್, ಕಳ್ಳ ಕಾಪಿ ಮತ್ತು ನಮ್ಮ ಖಾಸಗಿ ಮಾಹಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡವರು, ಡಿಟಿಪಿ ಸೆಂಟರ್ ನಡೆಸುವವರು, ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವವರು ಕೇಳುವ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ವಿಂಡೋಸ್ ಬಗ್ಗೆ ಮಾತು ಹೆಚ್ಚಾಗಿದ್ದರೆ ಕಾರಣ ಇಷ್ಟೇ: ನಮ್ಮಲ್ಲಿ ಹೆಚ್ಚಿನವರ ಕಂಪ್ಯೂಟರಿನಲ್ಲಿ ಇರುವುದು ಅದೇ. ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ. ಕಳ್ಳ ಕಾಪಿ ತಪ್ಪು. ಅದನ್ನು ತಡೆಯುವ ಹೆಸರಿನಲ್ಲಿ, ದುಡ್ಡು ಕೊಟ್ಟು ಕೊಂಡವರ ಮಾಹಿತಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಬಾಚಿಕೊಳ್ಳುವುದೂ ತಪ್ಪು.

ಪ್ರಾಡಕ್ಟ್ ಕೀ ಹಾಕಿದ್ದೇನೆ. ಮತ್ತೆ ಆಕ್ಟಿವೇಶನ್ ಯಾಕೆ ಕೇಳುತ್ತದೆ?

ಎರಡೂ ಬೇರೆ ಬೇರೆ. ವಿಂಡೋಸಿನ ಕೀ ಅಂದರೆ 25 ಅಕ್ಷರ, ಅಂಕಿಗಳ ಒಂದು ಸಾಲು. ಅದು ಸರಿಯಾದ ಕೀ ಹೌದೋ ಅಲ್ಲವೋ ಅಂತ ನಿಮ್ಮ ಕಂಪ್ಯೂಟರೇ ಲೆಕ್ಕ ಹಾಕಿ ನೋಡಬಲ್ಲದು. ಆದರೆ ಅದೇ ಕೀಯನ್ನು ಇನ್ನೂ ನೂರು ಕಡೆ ಹಾಕಿದ್ದಾರಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಕಂಪನಿಯ ಸರ್ವರ್ ಬೇಕು. 'ಈ ಕೀ ಈ ಕಂಪ್ಯೂಟರಿನದು' ಅಂತ ಆ ಸರ್ವರಿನಲ್ಲಿ ಬರೆಸುವುದೇ ಆಕ್ಟಿವೇಶನ್.

ಮೊದಲು ಇದೆಲ್ಲ ಇರಲಿಲ್ಲ ಅಲ್ವಾ? ಯಾವಾಗ ಶುರುವಾಯಿತು?

ಕಳ್ಳ ಕಾಪಿಯ ಜಗಳ ಪರ್ಸನಲ್ ಕಂಪ್ಯೂಟರಿನಷ್ಟೇ ಹಳೆಯದು. ಆಲ್ಟೇರ್ ಕಂಪ್ಯೂಟರಿಗೆ ತಾವು ಬರೆದುಕೊಟ್ಟ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರನ್ನು ಜನ ದುಡ್ಡು ಕೊಡದೆ ಬಳಸುತ್ತಿದ್ದಾರೆ ಎಂದು ಬಿಲ್ ಗೇಟ್ಸ್ 1976ರ ಫೆಬ್ರವರಿಯಲ್ಲೇ ಬಹಿರಂಗ ಪತ್ರ ಬರೆದಿದ್ದರು. ಆಮೇಲೆ ಕಾಪಿ ಆಗದ ಫ್ಲಾಪಿಗಳು ಬಂದವು, ಡಾಂಗಲ್ (ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಓಡುವ ಪುಟ್ಟ ಸಾಧನ) ಬಂತು, ಕೀ ಬಂತು. ವಿಂಡೋಸ್ 98ರ ಕಾಲದಲ್ಲಿ ಒಂದು ಸಿಡಿ, ಅದರ ಕವರಿನ ಮೇಲೆ ಪೆನ್ನಿನಲ್ಲಿ ಬರೆದ ಕೀ ಇದ್ದರೆ ಸಾಕು, ಇಡೀ ಬೀದಿಯ ಕಂಪ್ಯೂಟರುಗಳಿಗೆ ಆಗುತ್ತಿತ್ತು.

2001ರ ಅಕ್ಟೋಬರ್ 25ರಂದು ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದ ಮೇಲೆ ಮನೆ ಬಳಕೆದಾರರಿಗೂ ಆಕ್ಟಿವೇಶನ್ ರೂಢಿಯಾಯಿತು. ಹಾಕಿದ 30 ದಿನದೊಳಗೆ ಮಾಡಿಸಬೇಕಿತ್ತು. ಇಂಟರ್‌ನೆಟ್ ಇಲ್ಲದವರು ಫೋನ್ ಮಾಡಿ, ಪರದೆಯ ಮೇಲಿನ 50 ಅಂಕಿಗಳನ್ನು ಆರಾರರಂತೆ ಓದಿ ಹೇಳಬೇಕಿತ್ತು. ಆ ಕಡೆಯಿಂದ 42 ಅಂಕಿ ಹೇಳುತ್ತಿದ್ದರು, ಅವನ್ನು ಏಳು ಡಬ್ಬಿಗಳಲ್ಲಿ ತುಂಬಬೇಕಿತ್ತು. ಒಂದು ಅಂಕಿ ತಪ್ಪಿದರೂ ಆಗುತ್ತಿರಲಿಲ್ಲ.

ಆಕ್ಟಿವೇಟ್ ಮಾಡುವಾಗ ನನ್ನ ಕಂಪ್ಯೂಟರಿನಿಂದ ಏನೇನು ಹೊರಗೆ ಹೋಗುತ್ತದೆ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಒಳ್ಳೆಯ ಉತ್ತರ ಸಿಗುವುದು ಎಕ್ಸ್‌ಪಿಯ ಕಥೆಯಲ್ಲೇ.

1999ರ ಮಾರ್ಚಿನಲ್ಲಿ ಒಂದು ಗಲಾಟೆ ಆಗಿತ್ತು. ವಿಂಡೋಸ್ 98ರಲ್ಲಿ ಹೆಸರು ನೋಂದಾಯಿಸುವ ಪ್ರೋಗ್ರಾಂ ಇತ್ತು. 'ಹಾರ್ಡ್‌ವೇರ್ ಮಾಹಿತಿ ಕಳಿಸಬೇಡ' ಅಂತ ಬಳಕೆದಾರರು ಹೇಳಿದರೂ ಅದು ಕಂಪ್ಯೂಟರಿನ ಒಂದು ಗುರುತಿನ ಸಂಖ್ಯೆಯನ್ನು ಕಳಿಸುತ್ತಿತ್ತು. ಅದು ಬಯಲಾದಾಗ ಮೈಕ್ರೋಸಾಫ್ಟ್ ಒಪ್ಪಿಕೊಂಡು, ಸರಿಪಡಿಸುವುದಾಗಿ ಹೇಳಿತು. ಹಾಗಾಗಿ ಎಕ್ಸ್‌ಪಿ ಬರುವ ಹೊತ್ತಿಗೆ ಜನರಿಗೆ ಅನುಮಾನ ಜೋರಾಗಿತ್ತು.

ಆಗ ಬರ್ಲಿನ್ನಿನ ಫುಲ್ಲಿ ಲೈಸೆನ್ಸ್ಡ್ ಅನ್ನುವ ಸಣ್ಣ ಕಂಪನಿ ಎಕ್ಸ್‌ಪಿಯ ಆಕ್ಟಿವೇಶನ್ನನ್ನು ಬಿಚ್ಚಿ ನೋಡಿ, 2001ರ ಜುಲೈನಲ್ಲಿ ವಿವರ ಪ್ರಕಟಿಸಿತು. ಎಕ್ಸ್‌ಪಿ ನೋಡುತ್ತಿದ್ದದ್ದು ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಗ್ರಾಫಿಕ್ಸ್ ಕಾರ್ಡ್, ಸಿಡಿ ಡ್ರೈವ್, ಪ್ರೊಸೆಸರ್, ರ‍್ಯಾಮ್ ಇಂಥ ಹತ್ತು ಭಾಗಗಳನ್ನು. ಆದರೆ ಅವುಗಳ ನಂಬರನ್ನು ಹಾಗೇ ಕಳಿಸುತ್ತಿರಲಿಲ್ಲ. ಪ್ರತಿ ನಂಬರನ್ನೂ ಒಂದು ಲೆಕ್ಕಕ್ಕೆ ಹಾಕಿ ಹಿಂಡಿ, ಬಂದ ಉತ್ತರದಲ್ಲಿ ಕೆಲವೇ ಬಿಟ್‌ಗಳನ್ನು (0 ಅಥವಾ 1 ಎಂಬ ಅಂಕಿಗಳನ್ನು) ಇಟ್ಟುಕೊಳ್ಳುತ್ತಿತ್ತು. ನೆಟ್‌ವರ್ಕ್ ಕಾರ್ಡಿನ ವಿಳಾಸ 48 ಬಿಟ್ ಉದ್ದ. ಅದರಿಂದ ಉಳಿಸಿಕೊಳ್ಳುತ್ತಿದ್ದದ್ದು 10 ಬಿಟ್. ಅಂದರೆ ಲೋಕದಲ್ಲಿರುವ ಕೋಟ್ಯಂತರ ಕಾರ್ಡುಗಳಿಗೆ ಬರೀ ಸಾವಿರದಷ್ಟು ಬೇರೆ ಬೇರೆ ಉತ್ತರ. ರ‍್ಯಾಮಿಗೆ ಮೂರೇ ಬಿಟ್: ಎಷ್ಟು ಎಂಬಿ ಅಂತಲ್ಲ, ಯಾವ ಮಟ್ಟದ್ದು ಅಂತ ಮಾತ್ರ. ಇಷ್ಟರಿಂದ ನಿಮ್ಮ ಕಾರ್ಡಿನ ನಿಜವಾದ ವಿಳಾಸವನ್ನು ವಾಪಸ್ ಪಡೆಯಲು ಆಗುವುದಿಲ್ಲ. ಹೆಸರು, ಊರು, ಫೈಲುಗಳ ಪಟ್ಟಿ ಯಾವುದೂ ಅದರಲ್ಲಿ ಇರಲಿಲ್ಲ. ಒಂದೆರಡು ಭಾಗ ಬದಲಿಸಿದರೂ 'ಇದು ಅದೇ ಕಂಪ್ಯೂಟರ್' ಅಂತ ಎಕ್ಸ್‌ಪಿ ಒಪ್ಪಿಕೊಳ್ಳುತ್ತಿತ್ತು.

ನಾನು ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಕಳ್ಳ ಕಾಪಿ ತಡೆಯಲು ನಿಮ್ಮ ಹೆಸರು, ಫೋನ್ ನಂಬರ್, ಬ್ರೌಸರ್ ಹಿಸ್ಟರಿ ಬೇಕಿಲ್ಲ. ಒಂದು ಕೀ, ಹಿಂಡಿ ಚಿಕ್ಕದು ಮಾಡಿದ ಒಂದು ಗುರುತು, ಇಷ್ಟು ಸಾಕು ಅನ್ನುವುದನ್ನು 2001ರಲ್ಲೇ ಮಾಡಿ ತೋರಿಸಿದ್ದಾರೆ. ಇವತ್ತು ಯಾವುದಾದರೂ ಕಂಪನಿ ಇದಕ್ಕಿಂತ ಜಾಸ್ತಿ ಕೇಳಿದರೆ, ಅದು ಆಕ್ಟಿವೇಶನ್ನಿಗಲ್ಲ, ಬೇರೆ ಯಾವುದಕ್ಕೋ.

ಹಾಗಾದರೆ ಈಗಿನ ವಿಂಡೋಸ್ ಮೈಕ್ರೋಸಾಫ್ಟ್ ಅಕೌಂಟ್ ಯಾಕೆ ಕೇಳುತ್ತದೆ?

ಇಲ್ಲಿ ಮೂರು ವಿಷಯ ಕಲಸಿಹೋಗಿವೆ. ಬೇರೆ ಮಾಡಿ ನೋಡಿ.

ಮೊದಲನೆಯದು ಆಕ್ಟಿವೇಶನ್. 2015ರಲ್ಲಿ ಬಂದ ವಿಂಡೋಸ್ 10ರಿಂದ 'ಡಿಜಿಟಲ್ ಲೈಸೆನ್ಸ್' ಅನ್ನುವ ಪದ್ಧತಿ ಇದೆ. ಕೀ ಬರೆದಿಟ್ಟುಕೊಳ್ಳದಿದ್ದರೂ ನಿಮ್ಮ ಹಾರ್ಡ್‌ವೇರಿನ ಗುರುತನ್ನು ಸರ್ವರ್ ನೆನಪಿಟ್ಟುಕೊಂಡಿರುತ್ತದೆ. ಇದಕ್ಕೆ ಅಕೌಂಟ್ ಬೇಕಿಲ್ಲ.

ಎರಡನೆಯದು ಅಕೌಂಟ್. ಇದನ್ನು ಲೈಸೆನ್ಸಿಗೆ ಕಟ್ಟಿಕೊಂಡರೆ ಮದರ್‌ಬೋರ್ಡ್ ಬದಲಿಸಿದಾಗ ಅನುಕೂಲ. ಆದರೆ ವಿಂಡೋಸ್ 11ರಲ್ಲಿ ಇದನ್ನು ಮೊದಲ ಸೆಟಪ್‌ನಲ್ಲೇ ಕಡ್ಡಾಯ ಮಾಡುತ್ತಾ ಬಂದಿದ್ದಾರೆ. ಹೋಮ್ ಆವೃತ್ತಿಯಲ್ಲಿ ಮೊದಲು, ಆಮೇಲೆ ಪ್ರೊನಲ್ಲೂ. ಇದು ಪೈರಸಿ ತಡೆಯಲು ಅಗತ್ಯವಿಲ್ಲದ ಒತ್ತಾಯ ಅಂತಲೇ ನನ್ನ ಅಭಿಪ್ರಾಯ.

ಮೂರನೆಯದು ಡಯಾಗ್ನೋಸ್ಟಿಕ್ ಡೇಟಾ, ಅಂದರೆ ಕಂಪ್ಯೂಟರ್ ಹೇಗೆ ಓಡುತ್ತಿದೆ ಅನ್ನುವ ವರದಿ. ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗಕ್ಕೆ ಹೋಗಿ, ಡಯಾಗ್ನೋಸ್ಟಿಕ್ಸ್ ಅನ್ನುವಲ್ಲಿ 'ಆಪ್ಶನಲ್' ಅನ್ನು ಆಫ್ ಮಾಡಿ. ಜಾಹೀರಾತು ಐಡಿಯನ್ನೂ ಆಫ್ ಮಾಡಿ. ಆಕ್ಟಿವೇಶನ್ನಿಗೆ ಏನೂ ಆಗುವುದಿಲ್ಲ. ಅಲ್ಲೇ ಡಯಾಗ್ನೋಸ್ಟಿಕ್ ಡೇಟಾ ವ್ಯೂಯರ್ ಸಿಗುತ್ತದೆ. ಆನ್ ಮಾಡಿದರೆ ಏನೇನು ಹೋಗುತ್ತಿದೆ ಅಂತ ನೀವೇ ನೋಡಬಹುದು. ಓದಲು ಸುಲಭವಲ್ಲ, ಆದರೂ ಒಮ್ಮೆ ತೆರೆದು ನೋಡಿ.

ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದೆ. ಅಂಗಡಿಯವರು 'ವಿಂಡೋಸ್ ಪ್ರೊ ಹಾಕಿದ್ದೀವಿ' ಅಂದರು. ಪರವಾಗಿಲ್ಲವಾ?

ಕೇಳಲೇಬೇಕಾದ ಪ್ರಶ್ನೆ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪಿಗೆ ಲೈಸೆನ್ಸ್ ಆಗಲೇ ಇರುತ್ತದೆ. ನಮ್ಮ ದೇಶದಲ್ಲಿ ಅದು ಬಹುಪಾಲು 'ಹೋಮ್ ಸಿಂಗಲ್ ಲ್ಯಾಂಗ್ವೇಜ್'. ವಿಂಡೋಸ್ 8ರ ಕಾಲದಿಂದ ಅದರ ಕೀಯನ್ನು ಕಂಪನಿಯವರೇ ಮದರ್‌ಬೋರ್ಡಿನ ಬಯೋಸ್‌ನಲ್ಲಿ ಬರೆದಿಟ್ಟಿರುತ್ತಾರೆ. ಅದೇ ಆವೃತ್ತಿಯನ್ನು ಮತ್ತೆ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನಾಗೇ ಆಕ್ಟಿವೇಟ್ ಆಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ಹೀಗಿದ್ದೂ ಎಷ್ಟೋ ಕಡೆ ಕೈಗೆ ಸಿಕ್ಕ ಪೆನ್ ಡ್ರೈವಿನಿಂದ ಪ್ರೊ ಹಾಕಿ, ಆಕ್ಟಿವೇಟರ್ (ಲೈಸೆನ್ಸ್ ಇಲ್ಲದೆ ಕಳ್ಳದಾರಿಯಲ್ಲಿ ಆಕ್ಟಿವೇಟ್ ಮಾಡುವ ಪ್ರೋಗ್ರಾಂ) ಓಡಿಸಿ ಕೊಡುತ್ತಾರೆ. ಒರಿಜಿನಲ್ ಲೈಸೆನ್ಸ್ ಇದ್ದವರ ಕಂಪ್ಯೂಟರ್ ಸುಮ್ನೆ ಕಳ್ಳ ಕಾಪಿ ಆಗಿಬಿಡುತ್ತದೆ. ಫಾರ್ಮ್ಯಾಟಿಗೆ ಕೊಡುವ ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಅನ್ನುವ ಪುಟ ತೆರೆದು ಯಾವ ಆವೃತ್ತಿ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. 'ಇದನ್ನೇ ಹಾಕಿ, ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿಕೊಂಡು ಹಾಕಿ' ಅಂತ ಹೇಳಿ ಕೊಡಿ.

ಮದರ್‌ಬೋರ್ಡ್ ಸುಟ್ಟುಹೋಗಿ ಬೇರೆ ಹಾಕಿಸಿದೆ. ಆಕ್ಟಿವೇಶನ್ ಹೋಯಿತು. ಮತ್ತೆ ದುಡ್ಡು ಕೊಡಬೇಕಾ?

ಲೈಸೆನ್ಸ್ ಯಾವ ಬಗೆಯದು ಅನ್ನುವುದರ ಮೇಲೆ ಹೋಗುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ರಿಟೇಲ್ ಕೀ ಆದರೆ ಹೊಸ ಕಂಪ್ಯೂಟರಿಗೂ ಒಯ್ಯಬಹುದು. ಲ್ಯಾಪ್‌ಟಾಪ್ ಜೊತೆ ಬಂದದ್ದು ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಅಕೌಂಟಿಗೆ ಕಟ್ಟಿದ್ದರೆ ಆಕ್ಟಿವೇಶನ್ ಪುಟದ ಟ್ರಬಲ್‌ಶೂಟರ್ ಒತ್ತಿ, 'ಹಾರ್ಡ್‌ವೇರ್ ಬದಲಿಸಿದ್ದೇನೆ' ಅನ್ನುವುದನ್ನು ಆರಿಸಿ. ಆಗದಿದ್ದರೆ ಕಸ್ಟಮರ್ ಕೇರ್‌ಗೆ ಮಾತಾಡಿ, ರಿಪೇರಿ ಬಿಲ್ ಕೈಯಲ್ಲಿರಲಿ.

ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ ಕೀ ಸಿಗುತ್ತದೆ. ತಗೊಳ್ಳಬಹುದಾ?

ಬೇಡ. ಸಾವಿರಾರು ರೂಪಾಯಿ ಬೆಲೆಯ ವಸ್ತು ಅಷ್ಟು ಅಗ್ಗಕ್ಕೆ ಸಿಗುತ್ತಿದ್ದರೆ ಅದು ಎಲ್ಲಿಂದ ಬಂತು ಅಂತ ಯೋಚಿಸಿ. ಒಂದು ಆಫೀಸಿಗೋ ಕಾಲೇಜಿಗೋ ಒಟ್ಟಾಗಿ ಕೊಟ್ಟ ಕೀಯನ್ನು ಬಿಡಿಬಿಡಿಯಾಗಿ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು. ಬೇರೆಯವರ ಬಸ್ ಪಾಸಿನ ಜೆರಾಕ್ಸ್ ಇಟ್ಟುಕೊಂಡು ಓಡಾಡಿದ ಹಾಗೆ ಇದು. ಇವತ್ತು ಆಕ್ಟಿವೇಟ್ ಆದೀತು. ಕಂಪನಿ ಆ ಕೀಯನ್ನು ಬ್ಲಾಕ್ ಮಾಡಿದ ದಿನ ನಿಲ್ಲುತ್ತದೆ, ಮಾರಿದವರು ಆಗ ಸಿಗುವುದಿಲ್ಲ. ಬಿಲ್ ಇಲ್ಲದ ಕೀ ನಿಮ್ಮ ಲೈಸೆನ್ಸ್ ಅಲ್ಲ.

ಕ್ರ್ಯಾಕ್ ಹಾಕಿದರೆ ಕಂಪನಿಗೆ ನಷ್ಟ, ನನಗೇನು ಅಂತ ಹೇಳುತ್ತಾರಲ್ಲ?

ನಷ್ಟ ನಿಮಗೇ ಜಾಸ್ತಿ. ಕ್ರ್ಯಾಕ್, ಅಂದರೆ ಲೈಸೆನ್ಸ್ ತಪಾಸಣೆಯನ್ನು ಮುರಿಯುವ ಪ್ರೋಗ್ರಾಂ, ಹಾಕುವ ಕ್ರಮವನ್ನು ಒಮ್ಮೆ ನೋಡಿ. ಮೊದಲ ಸೂಚನೆ, 'ಆಂಟಿವೈರಸ್ ಆಫ್ ಮಾಡಿ'. ಎರಡನೆಯದು, 'ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ'. ಅಂದರೆ ಯಾರೆಂದೇ ಗೊತ್ತಿಲ್ಲದವರು ಬರೆದ ಪ್ರೋಗ್ರಾಮಿಗೆ, ಕಾವಲು ತೆಗೆದು, ಇಡೀ ಕಂಪ್ಯೂಟರಿನ ಅಧಿಕಾರ ಕೊಟ್ಟಿರಿ. ಅಷ್ಟರ ಮೇಲೆ ಅದು ಏನು ಮಾಡಿದರೂ ನಿಮಗೆ ಗೊತ್ತಾಗುವುದಿಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಕೆಎಂಎಸ್‌ಪಿಕೋ ಅನ್ನುವ ಹೆಸರುವಾಸಿ ಆಕ್ಟಿವೇಟರಿನ ನಕಲಿ ಇನ್‌ಸ್ಟಾಲರುಗಳ ಒಳಗೆ ಕ್ರಿಪ್ಟ್‌ಬಾಟ್ ಅನ್ನುವ ಮಾಲ್‌ವೇರ್ ಸೇರಿಸಿ ಹಂಚುತ್ತಿದ್ದದ್ದು 2021ರ ಕೊನೆಯಲ್ಲಿ ಬೆಳಕಿಗೆ ಬಂತು. ಅದರ ಕೆಲಸ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಕಾರ್ಡ್ ವಿವರ, ಕ್ರಿಪ್ಟೋ ವ್ಯಾಲೆಟ್ ಕದಿಯುವುದು. ಸ್ಟಾಪ್ ಅಥವಾ ಡಿಜೆವು ಅಂತ ಕರೆಯುವ ರ‍್ಯಾನ್ಸಮ್‌ವೇರ್ ಮನೆ ಬಳಕೆದಾರರನ್ನೇ ಹಿಡಿದದ್ದು, ಅದು ಹರಡಿದ್ದು ಹೆಚ್ಚಾಗಿ ಕ್ರ್ಯಾಕ್, ಕೀಜೆನ್ (ನಕಲಿ ಕೀ ಹುಟ್ಟಿಸುವ ಪ್ರೋಗ್ರಾಂ) ಫೈಲುಗಳ ಮೂಲಕ. ಮದುವೆ ಫೋಟೋ, ಮಕ್ಕಳ ವಿಡಿಯೋ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲಕ್ಕೂ ಬೀಗ ಬಿದ್ದು, ಬಿಚ್ಚಲು ಡಾಲರಿನಲ್ಲಿ ದುಡ್ಡು ಕೇಳುವ ಚೀಟಿ ಉಳಿಯುತ್ತದೆ.

'ಕಂಪನಿ ನನ್ನ ಮಾಹಿತಿ ತಗೊಳ್ಳುತ್ತೆ, ಅದಕ್ಕೇ ಕ್ರ್ಯಾಕ್ ಹಾಕ್ತೀನಿ' ಅನ್ನುವವರೂ ಇದ್ದಾರೆ. ಕಂಪನಿ ಏನು ತಗೊಳ್ಳುತ್ತದೆ ಅಂತ ಕೇಳಲು ಕಾನೂನು ಇದೆ, ಕೋರ್ಟ್ ಇದೆ. ಕ್ರ್ಯಾಕ್ ಬರೆದವರನ್ನು ಕೇಳಲು ಯಾವ ಬಾಗಿಲೂ ಇಲ್ಲ.

ಕಳ್ಳ ವಿಂಡೋಸಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದಾ?

ಬರುತ್ತದೆ. ಆಕ್ಟಿವೇಟ್ ಆಗದ ಕಾಪಿಗೂ ಮುಖ್ಯವಾದ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ಕೊಡುತ್ತದೆ. ತೊಂದರೆ ಬೇರೆ ಕಡೆ ಇದೆ: ಕ್ರ್ಯಾಕ್ ಹಾಕಿದವರು 'ಸಿಕ್ಕಿಬೀಳ್ತೀವಿ' ಅಂತ ಅಪ್‌ಡೇಟನ್ನೇ ಆಫ್ ಮಾಡುತ್ತಾರೆ. ವಾನಾಕ್ರೈ ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಮಾಲ್‌ವೇರ್ 2017ರ ಮೇ 12ರಂದು ಲೋಕವೆಲ್ಲ ಹಬ್ಬಿತು. ಅದು ನುಗ್ಗಿದ ತೂತಿಗೆ ಮಾರ್ಚಿನಲ್ಲೇ ತೇಪೆ ಬಂದಿತ್ತು. ಹಾಕಿಕೊಂಡವರು ಬಚಾವಾದರು.

ಆಕ್ಟಿವೇಟ್ ಮಾಡದೇ ಬಿಟ್ಟರೆ ಫೈಲುಗಳು ಹೋಗುತ್ತವಾ?

ಇಲ್ಲ. ಈಗಿನ ವಿಂಡೋಸಿನಲ್ಲಿ ಮೂಲೆಯಲ್ಲಿ ವಾಟರ್‌ಮಾರ್ಕ್ ಬರುತ್ತದೆ, ವಾಲ್‌ಪೇಪರ್ ಬಣ್ಣ ಬದಲಿಸುವ ಸೆಟ್ಟಿಂಗ್ಸ್ ಮುಚ್ಚಿರುತ್ತದೆ. ಫೈಲಿಗೆ ಏನೂ ಆಗುವುದಿಲ್ಲ. ಹಾಗಂತ ಲೈಸೆನ್ಸ್ ಇಲ್ಲದೆ ಬಳಸಲು ಒಪ್ಪಿಗೆ ಇದೆ ಅಂತಲ್ಲ.

ಪೈರಸಿ ತಡೆಯುತ್ತೇವೆ ಅಂತ ಕಂಪನಿಗಳು ಎಲ್ಲೆ ಮೀರಿದ್ದು ಇದೆಯಾ?

ಇದೆ, ಮತ್ತು ಅದನ್ನು ಮರೆಯಬಾರದು.

2005ರಲ್ಲಿ ಸೋನಿ ಬಿಎಂಜಿ ತನ್ನ ಹಾಡಿನ ಸಿಡಿಗಳಲ್ಲಿ ಎಕ್ಸ್‌ಸಿಪಿ ಅನ್ನುವ ಕಾಪಿ ತಡೆ ಹಾಕಿತ್ತು. ಆ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ ಅದರ ಪ್ಲೇಯರ್ ಒಪ್ಪಿಕೊಂಡರೆ, ಒಂದು ಪ್ರೋಗ್ರಾಂ ವಿಂಡೋಸಿನ ಆಳಕ್ಕೆ ಇಳಿದು ತನ್ನನ್ನು ತಾನೇ ಬಚ್ಚಿಟ್ಟುಕೊಳ್ಳುತ್ತಿತ್ತು. ಮಾರ್ಕ್ ರುಸಿನೋವಿಚ್ ಅನ್ನುವ ವಿಂಡೋಸ್ ತಜ್ಞರು ತಮ್ಮ ಕಂಪ್ಯೂಟರಿನಲ್ಲೇ ಅದನ್ನು ಕಂಡುಹಿಡಿದು ಅಕ್ಟೋಬರ್ 31ರಂದು ಬರೆದರು. ಒಂದು ನಿರ್ದಿಷ್ಟ ಗುರುತಿನಿಂದ ಹೆಸರು ಶುರುವಾಗುವ ಯಾವ ಫೈಲನ್ನೇ ಆದರೂ ಅದು ಕಣ್ಣಿಗೆ ಕಾಣದಂತೆ ಮಾಡುತ್ತಿತ್ತು. ಕೆಲವೇ ದಿನಗಳಲ್ಲಿ ವೈರಸ್ ಬರೆಯುವವರು ಆ ಮರೆಯನ್ನು ತಾವೂ ಬಳಸಿಕೊಂಡರು. ಸೋನಿ ಸಿಡಿಗಳನ್ನು ವಾಪಸ್ ಪಡೆಯಬೇಕಾಯಿತು, ಮೊಕದ್ದಮೆಗಳನ್ನೂ ಎದುರಿಸಬೇಕಾಯಿತು. ಇದರಲ್ಲಿ ನನಗೆ ಬಹಳ ಬೇಜಾರು ತರಿಸುವ ವಿಷಯ ಒಂದೇ: ಪೆಟ್ಟು ಬಿದ್ದದ್ದು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಸಿಡಿ ಕೊಂಡವರಿಗೆ. ಕದ್ದು ಇಳಿಸಿಕೊಂಡವರಿಗೆ ಏನೂ ಆಗಲಿಲ್ಲ.

ಮೈಕ್ರೋಸಾಫ್ಟಿನದೂ ಒಂದಿದೆ. 2006ರಲ್ಲಿ ವಿಂಡೋಸ್ ಜೆನ್ಯುಯಿನ್ ಅಡ್ವಾಂಟೇಜ್ ಅನ್ನುವ ತಪಾಸಣೆ ಅಪ್‌ಡೇಟಿನ ದಾರಿಯಲ್ಲೇ ಬಂತು. ಅದು ದಿನಾ ಮೈಕ್ರೋಸಾಫ್ಟಿನ ಸರ್ವರಿಗೆ ಕರೆ ಮಾಡುತ್ತಿತ್ತು, ಅದನ್ನು ಬಳಕೆದಾರರಿಗೆ ಸರಿಯಾಗಿ ಹೇಳಿರಲಿಲ್ಲ. ಜನ ರೇಗಿದರು, ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು, ಕಂಪನಿ ಆ ದಿನದ ಕರೆಯನ್ನು ಕೈಬಿಟ್ಟಿತು. ಮುಂದಿನ ವರ್ಷ, 2007ರ ಆಗಸ್ಟ್ 24ರಂದು, ಅದೇ ತಪಾಸಣೆಯ ಸರ್ವರ್ ಸುಮಾರು 19 ಗಂಟೆ ಕೆಟ್ಟು, ಒರಿಜಿನಲ್ ವಿಂಡೋಸ್ ಇದ್ದವರನ್ನೂ 'ನಿಮ್ಮದು ನಕಲಿ' ಅಂದುಬಿಟ್ಟಿತು. 12,000ಕ್ಕಿಂತ ಕಮ್ಮಿ ಕಂಪ್ಯೂಟರುಗಳಿಗೆ ಹೀಗಾಯಿತು ಅಂತ ಕಂಪನಿ ಹೇಳಿತು. ಸಂಖ್ಯೆ ಚಿಕ್ಕದೇ ಇರಬಹುದು. ದುಡ್ಡು ಕೊಟ್ಟು ಕಳ್ಳ ಅನ್ನಿಸಿಕೊಂಡವರಿಗೆ ಅದು ಚಿಕ್ಕದಲ್ಲ.

ಕಂಪನಿ ಆಕ್ಟಿವೇಶನ್ ಸರ್ವರನ್ನೇ ಮುಚ್ಚಿದರೆ ನಾನು ಕೊಂಡದ್ದು ಏನಾಗುತ್ತದೆ?

ಅಡೋಬಿ ಇದಕ್ಕೆ ಉದಾಹರಣೆ. ಫೋಟೋಶಾಪ್ ಇದ್ದ ಸಿಎಸ್2 ಸರಣಿಯ ಆಕ್ಟಿವೇಶನ್ ಸರ್ವರನ್ನು ನಿಲ್ಲಿಸಿದಾಗ, ಆಕ್ಟಿವೇಶನ್ ಬೇಡದ ಆವೃತ್ತಿಯನ್ನೂ ಅದರ ಸೀರಿಯಲ್ ನಂಬರನ್ನೂ ಅಡೋಬಿ ತಾನೇ ಸೈಟಿನಲ್ಲಿ ಇಟ್ಟಿತು. 2013ರ ಜನವರಿಯಲ್ಲಿ ಇದು ಸುದ್ದಿಯಾಗಿ, 'ಫೋಟೋಶಾಪ್ ಫ್ರೀ' ಅಂತ ಎಲ್ಲರೂ ಇಳಿಸಿಕೊಳ್ಳಲು ಮುಗಿಬಿದ್ದರು. ಅದು ಹಿಂದೆ ಕೊಂಡವರಿಗೆ ಮಾತ್ರ ಅಂತ ಅಡೋಬಿ ಹೇಳಬೇಕಾಯಿತು. ಗಲಿಬಿಲಿ ಆದರೂ, ಕೊಂಡವರ ಕೈಬಿಡದ ಆ ಕ್ರಮ ಸರಿಯಾದದ್ದೇ. ಹೊಸ ಸಾಫ್ಟ್‌ವೇರ್ ಕೊಳ್ಳುವ ಮುಂಚೆ 'ನೀವು ಅಂಗಡಿ ಮುಚ್ಚಿದರೆ ಇದು ಓಡುತ್ತಾ?' ಅಂತ ಕೇಳಿ. ಆ ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ತಿಂಗಳ ಬಾಡಿಗೆಯ ಸಾಫ್ಟ್‌ವೇರಿಗೆ ಯಾವಾಗಲೂ ಇಂಟರ್‌ನೆಟ್ ಬೇಕಾ?

ಯಾವಾಗಲೂ ಬೇಡ. ನಡುನಡುವೆ ಒಮ್ಮೆ ಸಿಕ್ಕರೆ ಸಾಕು. ಅಡೋಬಿಯಲ್ಲಿ ವರ್ಷದ ಪ್ಲಾನ್ ಇದ್ದರೆ 99 ದಿನ, ತಿಂಗಳದ್ದಾದರೆ 30 ದಿನ ಇಂಟರ್‌ನೆಟ್ ಇಲ್ಲದೆ ಬಳಸಬಹುದು. ಮೈಕ್ರೋಸಾಫ್ಟ್ 365 ಸುಮಾರು ತಿಂಗಳಿಗೊಮ್ಮೆ ಕೇಳುತ್ತದೆ. ಇಲ್ಲಿ ಅಕೌಂಟ್ ಕಡ್ಡಾಯ, ಹಾಗಾಗಿ ನಿಮ್ಮ ಮಾಹಿತಿ ಅವರ ಹತ್ತಿರ ಇದ್ದೇ ಇರುತ್ತದೆ. ಅದು ಕಳುವಾಗುವುದೂ ಉಂಟು: 2013ರ ಅಕ್ಟೋಬರಿನಲ್ಲಿ ಅಡೋಬಿಯ ಸರ್ವರಿಗೆ ಕನ್ನ ಬಿದ್ದಾಗ 3.8 ಕೋಟಿ ಸಕ್ರಿಯ ಬಳಕೆದಾರರ ಖಾತೆಗಳ ವಿವರ ಹೋಯಿತು. ಈ ಅಕೌಂಟುಗಳಿಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.

ಟ್ಯಾಲಿಯ ಲೈಸೆನ್ಸ್ ಹೇಗೆ ಕೆಲಸ ಮಾಡುತ್ತದೆ? ನನ್ನ ಲೆಕ್ಕ ಕಂಪನಿಗೆ ಹೋಗುತ್ತದಾ?

ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿ. ಸೀರಿಯಲ್ ನಂಬರ್ ಮತ್ತು ಇಮೇಲ್ ಕೊಟ್ಟರೆ ಅನ್‌ಲಾಕ್ ಕೀ ಮೇಲ್‌ಗೆ ಬರುತ್ತದೆ. ಅದನ್ನು ಹಾಕಿದರೆ ಆಕ್ಟಿವೇಟ್. ಕಂಪ್ಯೂಟರ್ ಬದಲಿಸುವಾಗ ಹಳೆಯದರಲ್ಲಿ ಲೈಸೆನ್ಸ್ 'ಸರೆಂಡರ್' ಮಾಡಿ, ಹೊಸದರಲ್ಲಿ ಮತ್ತೆ ಆಕ್ಟಿವೇಟ್ ಮಾಡಬೇಕು. ಅಕೌಂಟೆಂಟ್ ಕೆಲಸ ಬಿಟ್ಟು ಹೋಗಿ, ಅವರ ಇಮೇಲ್ ಹೆಸರಿನಲ್ಲೇ ಲೈಸೆನ್ಸ್ ಇದ್ದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಲೈಸೆನ್ಸ್ ಯಾವಾಗಲೂ ಮಾಲೀಕರ ಇಮೇಲ್‌ನಲ್ಲಿ ಇರಲಿ.

ಲೈಸೆನ್ಸ್ ಇಲ್ಲದೆಯೂ ಕಲಿಯಲು ಎಜುಕೇಶನಲ್ ಮೋಡ್ ಇದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಬಹುದು. ಟ್ಯಾಲಿ ಕ್ಲಾಸಿಗೆ ಹೋದ ಎಲ್ಲರಿಗೂ ಈ ಮೂರು ತಾರೀಖು ಗೊತ್ತು. ಪೈರಸಿ ತಡೆಯಲು ಇದೊಂದು ಒಳ್ಳೆಯ ದಾರಿ ಅನ್ನಿಸುತ್ತದೆ ನನಗೆ: ಕಲಿಯುವವರಿಗೆ ಪೂರ್ತಿ ಸಾಫ್ಟ್‌ವೇರ್ ಸಿಕ್ಕಿತು, ವ್ಯಾಪಾರಕ್ಕೆ ಬಳಸಲು ಆಗಲಿಲ್ಲ, ಯಾರ ಮಾಹಿತಿಯನ್ನೂ ಕೇಳಲಿಲ್ಲ.

ಲೆಕ್ಕದ ಡೇಟಾ ಇರುವುದು ನಿಮ್ಮ ಕಂಪ್ಯೂಟರಿನ ಡೇಟಾ ಫೋಲ್ಡರಿನಲ್ಲಿ. ಆಕ್ಟಿವೇಶನ್ನಿಗೆ ಅದು ಬೇಕಿಲ್ಲ. ಗುಟ್ಟಾಗಿರಬೇಕಾದರೆ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿ. ಆದರೆ ಮರೆತರೆ ತೆಗೆಯಲು ಬರುವುದಿಲ್ಲ, ಜೋಪಾನ. ಕ್ರ್ಯಾಕ್ ಮಾಡಿದ ಟ್ಯಾಲಿಯಲ್ಲಿ ನಿಮ್ಮದಷ್ಟೇ ಅಲ್ಲ, ನಿಮ್ಮ ಗಿರಾಕಿಗಳ ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ, ಬಾಕಿ ಎಲ್ಲವೂ ಅಪಾಯದಲ್ಲಿ ಇರುತ್ತವೆ. ಪ್ರೈವೇಟ್ ಲಿಮಿಟೆಡ್ ಥರದ ಕಂಪನಿ ನಡೆಸುವವರಿಗೆ ಇನ್ನೊಂದು ಮಾತು. 2023ರ ಏಪ್ರಿಲ್ 1ರಿಂದ, ಯಾವ ಎಂಟ್ರಿಯನ್ನು ಯಾವಾಗ ತಿದ್ದಿದರು ಅಂತ ದಾಖಲಿಸುವ, ಆಫ್ ಮಾಡಲು ಬಾರದ ಆಡಿಟ್ ಟ್ರೇಲ್ ಇರುವ ಸಾಫ್ಟ್‌ವೇರನ್ನೇ ಬಳಸಬೇಕು. ಹಳೆಯ ಕ್ರ್ಯಾಕ್ ಕಾಪಿ ಈ ಕೆಲಸಕ್ಕೆ ಬರುವುದೇ ಇಲ್ಲ.

ಡಿಟಿಪಿ ಸೆಂಟರಿನ ಕನ್ನಡ ಸಾಫ್ಟ್‌ವೇರಿಗೆ ಡಾಂಗಲ್ ಯಾಕೆ?

ಶ್ರೀಲಿಪಿ ಬಳಸಿದವರಿಗೆ ಇದು ಚೆನ್ನಾಗಿ ಗೊತ್ತು. ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಓಡುತ್ತದೆ. ಡಾಂಗಲ್ ಇಂಟರ್‌ನೆಟ್ ಕೇಳುವುದಿಲ್ಲ, ಯಾರಿಗೂ ಏನೂ ಕಳಿಸುವುದಿಲ್ಲ. ಖಾಸಗಿತನದ ಲೆಕ್ಕದಲ್ಲಿ ಬಹಳ ಒಳ್ಳೆಯದು. ಕಳೆದರೆ, ಮುರಿದರೆ ಮಾತ್ರ ಕೆಲಸ ನಿಂತಿತು. ಸಿಪಿಯು ಮುಂಭಾಗದಲ್ಲಿ ಚುಚ್ಚಬೇಡಿ, ಕಾಲು ತಾಗುತ್ತದೆ. ಹಿಂಭಾಗದ ಪೋರ್ಟಿನಲ್ಲಿ ಇರಲಿ.

ಬರೀ ಕನ್ನಡ ಟೈಪ್ ಮಾಡಲು ಇದ್ಯಾವುದೂ ಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ. ವಿಂಡೋಸಿನಲ್ಲೇ ಕನ್ನಡ ಕೀಬೋರ್ಡ್ ಇದೆ. ಉಚಿತವಾಗಿ ಸಿಗುವ ಇಂಥದ್ದಕ್ಕೆ ಯಾರೋ ಕ್ರ್ಯಾಕ್ ಕೊಡುತ್ತಿದ್ದರೆ ಮುಟ್ಟಲೇಬೇಡಿ.

ನಮ್ಮ ಕಾನೂನು ಏನು ಹೇಳುತ್ತದೆ?

ಕೃತಿಸ್ವಾಮ್ಯ ಕಾಯ್ದೆ 1957ರ 63ಬಿ ಕಲಂ: ಕಳ್ಳ ಕಾಪಿ ಅಂತ ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ ಕನಿಷ್ಠ 7 ದಿನ, ಹೆಚ್ಚೆಂದರೆ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕೆ, ಲಾಭಕ್ಕೆ ಬಳಸಿಲ್ಲದಿದ್ದರೆ ಕೋರ್ಟು ಜೈಲು ಬಿಟ್ಟು 50,000ದವರೆಗಿನ ದಂಡ ಮಾತ್ರ ಹಾಕಬಹುದು. ನೀವು ಕೊಂಡ ಸಾಫ್ಟ್‌ವೇರ್ ಹಾಳಾದೀತು ಅಂತ ಬ್ಯಾಕಪ್ ಕಾಪಿ ಇಟ್ಟುಕೊಳ್ಳುವುದು ತಪ್ಪಲ್ಲ, 52ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ.

2012ರ ತಿದ್ದುಪಡಿಯಲ್ಲಿ 65ಎ ಸೇರಿತು. ಹಕ್ಕು ಮೀರುವ ಉದ್ದೇಶದಿಂದ ಕಾಪಿ ತಡೆಯನ್ನು ಮುರಿದರೆ 2 ವರ್ಷದವರೆಗೆ ಜೈಲು. ಆದರೆ ಅದೇ ಕಲಮಿನಲ್ಲಿ ಬಹಳ ಜನ ಗಮನಿಸದ ಒಂದು ವಿನಾಯಿತಿ ಇದೆ: ಬಳಕೆದಾರರನ್ನು ಗುರುತು ಹಿಡಿಯಲು ಅಥವಾ ಅವರ ಮೇಲೆ ಕಣ್ಣಿಡಲು ಇಟ್ಟ ತಂತ್ರವನ್ನು ತಪ್ಪಿಸಿಕೊಳ್ಳಲು ಬೇಕಾದ್ದನ್ನು ಮಾಡುವುದು ಈ ಅಪರಾಧದಲ್ಲಿ ಬರುವುದಿಲ್ಲ. ಕದ್ದ ಸಾಫ್ಟ್‌ವೇರ್ ಬಳಸಲು ಇದು ಅನುಮತಿ ಅಲ್ಲ. ಆದರೆ ದುಡ್ಡು ಕೊಟ್ಟು ಕೊಂಡವರು ತಮ್ಮ ಮೇಲಿನ ಕಣ್ಣನ್ನು ಮುಚ್ಚಬಹುದು ಅಂತ ನಮ್ಮ ಸಂಸತ್ತೇ ಬರೆದಿಟ್ಟಿದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ನೀವು ಒಪ್ಪಿಗೆ ಕೊಟ್ಟರೂ ಆ ಕೆಲಸಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಅದು ಅನ್ವಯ. ಕಾಯ್ದೆಯಲ್ಲೇ ಉದಾಹರಣೆ ಇದೆ: ಫೋನಿನಲ್ಲಿ ಡಾಕ್ಟರ ಸಲಹೆ ಕೊಡಿಸುವ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿ ನೀವು ಒಪ್ಪಿದರೂ, ಪಟ್ಟಿಯ ಮಟ್ಟಿಗೆ ಆ ಒಪ್ಪಿಗೆ ನಡೆಯುವುದಿಲ್ಲ. ಒಪ್ಪಿಗೆ ಕೇಳುವಾಗ ಕಂಪನಿ ಕೊಡುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ಕನ್ನಡದಲ್ಲಿ ಕೊಡಿ ಅಂತ ಕೇಳಿ.

ಒರಿಜಿನಲ್ ಕೊಳ್ಳಲು ದುಡ್ಡಿಲ್ಲ, ಕಳ್ಳ ಕಾಪಿಯೂ ಬೇಡ. ಏನು ಮಾಡಲಿ?

ಪತ್ರ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್. ಅದರ ಮೆನುಗಳೂ ಕನ್ನಡದಲ್ಲಿ ಸಿಗುತ್ತವೆ. ಫೋಟೋಗೆ ಗಿಂಪ್, ಡಿಸೈನಿಗೆ ಇಂಕ್‌ಸ್ಕೇಪ್, ಪುಟ ವಿನ್ಯಾಸಕ್ಕೆ ಸ್ಕ್ರೈಬಸ್. ಹಳೆಯ ಕಂಪ್ಯೂಟರಿಗೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿ. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರಿಗೆ ಅದೇ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಇವುಗಳಲ್ಲಿ ಆಕ್ಟಿವೇಶನ್ ಅನ್ನುವುದೇ ಇಲ್ಲ. ಪ್ರೆಸ್ಸಿಗೆ ಕೋರೆಲ್ ಫೈಲೇ ಬೇಕು ಅನ್ನುವವರಿಗೆ ಕಷ್ಟ ಇದೆ, ಒಪ್ಪುತ್ತೇನೆ. ಪಿಡಿಎಫ್ ತಗೊಳ್ಳುತ್ತಾರಾ ಅಂತ ಕೇಳಿ ನೋಡಿ, ಬಹಳ ಪ್ರೆಸ್ಸುಗಳು ತಗೊಳ್ಳುತ್ತವೆ.

ನಾನೇ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಮಾರುತ್ತೇನೆ. ಕಾಪಿ ಆಗದ ಹಾಗೆ ಏನು ಮಾಡಲಿ?

ಪೂರ್ತಿ ತಡೆಯಲು ಯಾರಿಂದಲೂ ಆಗಿಲ್ಲ. ಸುಲಭದ ಕಾಪಿಯನ್ನು ತಡೆದರೆ ಸಾಕು. ಗಿರಾಕಿಯ ಅಂಗಡಿ ಹೆಸರು, ಅವಧಿ ಬರೆದ ಒಂದು ಸಣ್ಣ ಲೈಸೆನ್ಸ್ ಫೈಲಿಗೆ ನಿಮ್ಮ ಡಿಜಿಟಲ್ ಸಹಿ ಹಾಕಿ ಕೊಡಿ. ಸಹಿ ಸರಿಯಿದೆಯಾ ಅಂತ ಸಾಫ್ಟ್‌ವೇರ್ ಆಫ್‌ಲೈನಲ್ಲೇ ನೋಡುತ್ತದೆ. ಹಾರ್ಡ್‌ವೇರ್ ಗುರುತು ಬೇಕೇಬೇಕು ಅಂದರೆ ಎಕ್ಸ್‌ಪಿಯ ಹಾಗೆ ಹಿಂಡಿ ಚಿಕ್ಕದು ಮಾಡಿ, ಒಂದೆರಡು ಭಾಗ ಬದಲಾದರೂ ಓಡುವ ಹಾಗೆ ಬರೆಯಿರಿ. ಬಿಲ್ ಪ್ರಿಂಟ್ ಮಾಡುವ ಹೊತ್ತಿನಲ್ಲಿ ಲೈಸೆನ್ಸ್ ಕೇಳಿ ಅಂಗಡಿ ನಿಲ್ಲಿಸಬೇಡಿ, ಕೆಲವು ದಿನ ಗಡುವು ಕೊಡಿ. ಏನು ಕಳಿಸುತ್ತೀರಿ ಅನ್ನುವುದನ್ನು ಕನ್ನಡದಲ್ಲಿ ನಾಲ್ಕು ಸಾಲಿನಲ್ಲಿ ಬರೆದು ಮೊದಲ ಪರದೆಯಲ್ಲೇ ಇಡಿ.

ಹಳೆಯ ಕಂಪ್ಯೂಟರ್ ಮಾರುವ ಮೊದಲು ಏನೇನು ಮಾಡಬೇಕು?

ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿ. ಅಡೋಬಿ, ಆಫೀಸ್‌ನಿಂದ ಸೈನ್ ಔಟ್ ಆಗಿ. ಡಾಂಗಲ್ ಕಿತ್ತಿಟ್ಟುಕೊಳ್ಳಿ. ಫೈಲುಗಳ ಬ್ಯಾಕಪ್ ತಗೊಂಡು, ವಿಂಡೋಸಿನ ರಿಸೆಟ್‌ನಲ್ಲಿ 'ಎಲ್ಲವನ್ನೂ ತೆಗೆ' ಮತ್ತು 'ಡ್ರೈವ್ ಕ್ಲೀನ್ ಮಾಡು' ಎರಡನ್ನೂ ಆರಿಸಿ. ಕೊನೆಗೆ ಮೈಕ್ರೋಸಾಫ್ಟ್ ಅಕೌಂಟಿನ ಡಿವೈಸ್ ಪಟ್ಟಿಯಿಂದ ಆ ಕಂಪ್ಯೂಟರಿನ ಹೆಸರು ತೆಗೆಯಿರಿ. ಬಯೋಸ್‌ನಲ್ಲಿರುವ ವಿಂಡೋಸ್ ಕೀ ಯಂತ್ರದ ಜೊತೆಗೇ ಹೋಗುತ್ತದೆ, ಕೊಂಡವರಿಗೆ ಅದನ್ನು ಹೇಳಿ ಕೊಡಿ.